ಮ್ಯಾಡಾಕ್ಸನ ಬೀಳುವ ಪೆನ್ನು

ಕ್ಯಾಲಿಫೋರ್ನಿಯಾದ ನಮ್ಮ ಪುಟ್ಟ ಊರಲ್ಲಿ, ಓಕ್ ಬೀದಿಯಲ್ಲಿ ಲಾರಿಯಿಂದ ಸೈಕಲ್ಲಿನವರೆಗೆ ಎಲ್ಲರೂ ಪೂರ್ತಿ ನಿಂತೇ ಮುಂದೆ ಹೋಗಬೇಕಾದ ಸ್ಟಾಪ್ ಫಲಕದ ಹಿಂದಿನ ಪೊದೆಯೊಳಗೆ ಪೊಲೀಸಪ್ಪ ಮ್ಯಾಡಾಕ್ಸ್ ಎಷ್ಟು ಕಾಲದಿಂದ ಅಡಗಿ ಕೂತಿದ್ದಾನೆಂದರೆ, ಅವನ ಟೋಪಿಯಲ್ಲಿ ಗುಬ್ಬಿಗಳು ಮೂರು ಬಾಣಂತನ ಮುಗಿಸಿವೆ. ಅವನು ಹಿಡಿಯುವುದು ಸೈಕಲ್ಲಿನವರನ್ನು ಮಾತ್ರ. ಚಕ್ರ ನಿಂತರೆ ಅವನಿಗೆ ಸಾಲದು, ಕಾಲು ನೆಲ ಮುಟ್ಟಬೇಕು. “ಕಾಲು ಎಲ್ಲಿತ್ತಮ್ಮ?” ಎಂದು ಎಂಬತ್ತರ ಡೆಲ್ಫೀನ್ ಅಜ್ಜಿಯನ್ನೂ ತಡೆದು ಕೇಳಿದ. “ಸೊಂಟದ ಕೆಳಗೇ ಇತ್ತಪ್ಪ, ಹುಟ್ಟಿದಾಗಿನಿಂದ,” ಎಂದಳು ಅಜ್ಜಿ. ಆದರೂ ದಂಡದ ಚೀಟಿ ಹರಿದು ಕೊಟ್ಟೇಬಿಟ್ಟ. ಜಲ್ಲಿ ಲಾರಿ ನಿಲ್ಲದೆ ನುಗ್ಗಿದಾಗ ಮಾತ್ರ ಅವನ ಪೆನ್ನು ಕೆಳಗೆ ಬೀಳುತ್ತದೆ, ಅವನು ಬಗ್ಗಿ ಹುಡುಕುತ್ತಾನೆ; ದಿನಕ್ಕೆ ನಲವತ್ತು ಸಲ ಬೀಳುವ ಇಂಥ ಪೆನ್ನು ಲೋಕದಲ್ಲಿ ಇನ್ನೊಂದಿಲ್ಲ. ಚೀಟಿ ಬರೆಯುವಾಗ ಅವನು ಪುಸ್ತಕ ಊರುವುದು, ಫಲಕದ ಕಂಬಕ್ಕೆ ಸರಪಳಿ ಹಾಕಿ ನಿಲ್ಲಿಸಿದ ಬಿಳಿ ಬಣ್ಣದ ಸೈಕಲ್ಲಿನ ಸೀಟಿನ ಮೇಲೆ. ಇದೇ ಮೂಲೆಯಲ್ಲಿ ಸೈಕಲ್ಲಿನಲ್ಲಿದ್ದಾಗ ಜಲ್ಲಿ ಲಾರಿಗೆ ಸಿಕ್ಕಿ ಸತ್ತ ಮಾರಿತ್ ಟೀಚರ್ ನೆನಪಿಗೆ ಅದನ್ನು ನಾವು ಇಟ್ಟದ್ದು. “ಈ ಟೀಚರ್ ಕಾಲು ಎಲ್ಲಿತ್ತಯ್ಯಾ?” ಎಂದು ಮೊನ್ನೆ ನಾನು ರೇಗಿ ಕೇಳಿದೆ. ಮ್ಯಾಡಾಕ್ಸ್ ಸೀಟಿನ ಮೇಲಿಂದ ಪುಸ್ತಕ ತೆಗೆದ. “ಪೂರ್ತಿ ನಿಂತಿದ್ದರು ಸಾರ್. ಎಡಗಾಲು ನೆಲದ ಮೇಲಿತ್ತು. ಅಪಘಾತದ ವರದಿ ಬರೆದವನು ನಾನೇ,” ಎಂದ. ಅಷ್ಟರಲ್ಲಿ ಇನ್ನೊಂದು ಜಲ್ಲಿ ಲಾರಿ ನಿಲ್ಲದೆ ನುಗ್ಗಿತು. ಪೆನ್ನು ಬಿತ್ತು, ಅವನು ಬಗ್ಗಿದ.