ಹೊರಗೆ ಹೋಗದ ಹೊಗೆ

ಲಂಡನ್ನಿಗೆ ಬಂದ ಮೇಲೆ ದೇವದಾಸ ಕೆಮ್ಮಿದ್ದನ್ನು ಕಂಡವರು ಯಾರೂ ಇರಲಿಲ್ಲ. ಅವನು ಬ್ಯಾಡಗಿ ಮೆಣಸು ಹುರಿಯಲು ನಿಂತರೆ ಪಕ್ಕದ ಮೊಬೈಲ್ ಅಂಗಡಿಯವನು ಕೆಮ್ಮುತ್ತಿದ್ದ, ಬಸ್ ಸ್ಟಾಪಿನಲ್ಲಿ ನಿಂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಬಾಣಲೆಯ ಮೇಲೆ ಬಾಗಿ ನಿಂತವನು ಮಾತ್ರ ಪಿಟ್ಟೆನ್ನುತ್ತಿರಲಿಲ್ಲ. ಕೋಟದ ಕಡೆಯ ಮದುವೆ ಮನೆಗಳಲ್ಲಿ ಸೋದರಮಾವನ ಕೈಕೆಳಗೆ ಅಡುಗೆ ಕಲಿತವನು ಅವನು. ಅಡುಗೆಯವನು ಪಾತ್ರೆಯ ಹತ್ತಿರ ಕೆಮ್ಮಿದರೆ ಅದರಲ್ಲಿರುವುದು ಎಲೆಗೆ ಬೀಳುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಒಮ್ಮೆ ಅವನೊಬ್ಬನ ಕೆಮ್ಮಿನಿಂದಾಗಿ ಕೊಪ್ಪರಿಗೆ ತುಂಬ ಹುಳಿಯನ್ನು ಗದ್ದೆಗೆ ಸುರಿದಿದ್ದರು. ಮಾವ ಎಲ್ಲರ ಎದುರಿಗೇ ಕೆನ್ನೆಗೆ ಬಾರಿಸಿದ್ದ. ಆಮೇಲೆ ಕೆಮ್ಮು ಬಂದಾಗಲೆಲ್ಲ ನಾಲಗೆಯನ್ನು ಅಂಗುಳಿಗೆ ಒತ್ತಿ, ಉಸಿರು ಬಿಗಿಹಿಡಿದು, ಬಂದದ್ದನ್ನು ನುಂಗಿಬಿಡುವುದು ಅವನಿಗೆ ರೂಢಿಯಾಯಿತು. ಜನ ಅದನ್ನು ದೊಡ್ಡ ವಿದ್ಯೆ ಎಂದು ಹೊಗಳಿದರು. ಅವನೂ ನಂಬಿದ, ಪಾಪ.

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಸ್ಟೇಷನ್ನಿಗೆ ಹತ್ತಿರದ ಅಂಗಡಿ ಸಾಲಿನಲ್ಲಿ ವಸಿಷ್ಠ ಹಂದೆಯ ಸಸ್ಯಾಹಾರಿ ಹೋಟೆಲು. ಹಂದೆಯೂ ಕೋಟದವನೇ, ದೇವದಾಸನನ್ನು ಊರಿನಿಂದ ಕರೆಸಿಕೊಂಡವನೂ ಅವನೇ. ಹಾಗೆ ಬಂದ ಕೆಲಸದ ವೀಸಾ ಆ ಹೋಟೆಲಿಗೇ ಗಂಟುಹಾಕಿದ್ದು. ಹೋಟೆಲು ಮುಚ್ಚಿದರೆ, ಅಥವಾ ಹಂದೆಗೆ ಬೇಡವೆನಿಸಿದರೆ, ದೇವದಾಸ, ಹೆಂಡತಿ ಪ್ರಫುಲ್ಲಾ, ಮಗಳು ಪ್ರೇಕ್ಷಾ ಮೂವರೂ ಗಂಟುಮೂಟೆ ಕಟ್ಟಬೇಕು. ಪ್ರೇಕ್ಷಾಗೆ ಬೇಸಿಗೆಯಲ್ಲಿ ಜಿಸಿಎಸ್‌ಇ, ಇಲ್ಲಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದನ್ನು ಬರೆಯುವ ಮೊದಲೇ ಊರಿಗೆ ಹೊರಟರೆ ಹುಡುಗಿ ಅಲ್ಲಿಯೂ ಸಲ್ಲ, ಇಲ್ಲಿಯೂ ಸಲ್ಲ. ಅವಳ ಪರೀಕ್ಷೆ ಮುಗಿಯುವವರೆಗೆ ಇಲ್ಲಿ ನಿಲ್ಲಬೇಕು. ದೇವದಾಸನಿಗೆ ಬೇಕಾದದ್ದು ಅದೊಂದೇ.

ಹೋಟೆಲಿಗೆ ಹೆಸರು ಬಂದದ್ದು ಅವನು ಹುರಿದು ಮಾಡುವ ಕುಂದಾಪುರ ಮಸಾಲೆ ಪುಡಿಯಿಂದ. ಎಜ್‌ವೇರ್‌ನಿಂದ, ಕ್ರೋಯ್ಡನ್‌ನಿಂದ ಜನ ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. ಪ್ಯಾಕೆಟ್ಟಿನ ಬೆಲೆಯಲ್ಲಿ ಮೆಣಸಿನದು ಸೇರಿತ್ತು, ಕೊತ್ತಂಬರಿಯದು ಸೇರಿತ್ತು, ಅಂಗಡಿ ಬಾಡಿಗೆ ಸೇರಿತ್ತು, ಹಂದೆಯ ಲಾಭವಂತೂ ಸೇರಿಯೇ ಸೇರಿತ್ತು. ಮೇಲಿನ ಫ್ಲ್ಯಾಟಿನ ಮಗುವಿನ ಕೆಮ್ಮು ಮಾತ್ರ ಸೇರಿರಲಿಲ್ಲ. ಮಾರಿದವನಿಗೆ ದುಡ್ಡು, ಕೊಂಡವರಿಗೆ ರುಚಿ. ಆ ಪುಡಿಯನ್ನು ಕಣ್ಣಲ್ಲೂ ಕಾಣದ ತಾಯೊಬ್ಬಳು ಕಿಟಕಿ ಮುಚ್ಚಿಕೊಂಡು ಮಗುವಿನ ಎದೆ ನೀವುತ್ತ ಕೂರಬೇಕು. ಇದಕ್ಕೆ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಅನ್ನುತ್ತಾರೆ!

ಆ ತಾಯಿ ಇಲ್ಲಿಯ ನಗರಸಭೆಯಾದ ಕೌನ್ಸಿಲ್‌ಗೆ ದೂರು ಕೊಟ್ಟಳು. ಕೊಡದೆ ಇನ್ನೇನು ಮಾಡುತ್ತಾಳೆ? ಕೌನ್ಸಿಲ್‌ನಿಂದ ಅಧಿಕಾರಿ ಹೆಂಗಸೊಬ್ಬಳು ಬಂದು ಹಿಂದಿನ ಓಣಿಯಲ್ಲಿ ನಿಂತು ಮೂಸಿದಳು, ಮೇಲೆ ಹೋಗಿ ಮೂಸಿದಳು, ಕೆಳಗೆ ಬಂದು ಹಂದೆಗೆ ನೇರವಾಗಿ ಹೇಳಿದಳು. ಹೊಗೆ ಎಬ್ಬಿಸುವವರ ತೊಂದರೆಯನ್ನು ನೆರೆಯವರು ಹೊರುವುದಲ್ಲ, ಎಬ್ಬಿಸಿದವರೇ ಹೊರಬೇಕು. ಒಂದೋ ಚಾವಣಿಯ ಮೇಲಕ್ಕೆ ಸರಿಯಾದ ಚಿಮಣಿ ಹಾಕಿಸಿ, ಇಲ್ಲವೇ ಹೊಗೆ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ. ಎರಡೂ ಆಗದಿದ್ದರೆ ಅಡುಗೆಮನೆಗೆ ಬೀಗ.

ಅವಳು ಹೋದ ಮೇಲೆ ಹಂದೆ ನಕ್ಕ. "ಹೊಗೆ ಮಾಡ್ದವ್ರೇ ಹೊಗೆ ಹೊರ್ಕ್ ಅಂಬ್ರ್. ಕೇಂಡ್ಯಾ ದೇವದಾಸ?"

ದೇವದಾಸನೂ ನಕ್ಕ. ಧಣಿ ನಕ್ಕಾಗ ನಗುವುದು ಅವನ ಅಭ್ಯಾಸ.

ಚಿಮಣಿಯವನು ಬಂದು ಅಳತೆ ಮಾಡಿ ಖರ್ಚು ಹೇಳಿದ. ಹಂದೆ ಅವನಿಗೆ ಮಸಾಲೆ ದೋಸೆ ತಿನ್ನಿಸಿ ಕಳಿಸಿಬಿಟ್ಟ. ಮರುದಿನ ಹಿಂಬಾಗಿಲಿನ ಸಂದಿಗಳಿಗೆಲ್ಲ ರಬ್ಬರ್ ಪಟ್ಟಿ ಬಂತು, ಕಿಟಕಿಗೆ ದಪ್ಪ ಟೇಪು ಬಿತ್ತು. ಮೆಣಸು ಹುರಿಯುವ ದಿನ ಹೊಗೆಯನ್ನು ಓಣಿಗೆ ತಳ್ಳುವ ಹಳೆಯ ಫ್ಯಾನು ಹಾಕಕೂಡದು ಎಂದು ಅಪ್ಪಣೆಯಾಯಿತು. ಹೊಗೆ ಹೊರಗೆ ಹೋಗುವುದು ನಿಂತಿತು. ಮೇಲಿನ ಫ್ಲ್ಯಾಟಿನ ತಾಯಿ ಕೇಕ್ ಮಾಡಿಕೊಂಡು ಬಂದು ಹಂದೆಯ ಕೈ ಕುಲುಕಿದಳು. ಮಗುವಿಗೆ ಈಗ ಸರಾಗವಾಗಿ ನಿದ್ದೆ ಬರುತ್ತಿದೆಯಂತೆ. ದೇವದಾಸನಿಗೂ ಒಂದು ತುಂಡು ಕೇಕ್ ಸಿಕ್ಕಿತು.

ಮತ್ತೊಮ್ಮೆ ನೋಡಲು ಆ ಅಧಿಕಾರಿ ಹುರಿಯುವ ದಿನವೇ ಬಂದಳು. ಅಡುಗೆಮನೆಯ ಬಾಗಿಲು ದಾಟಿದ್ದೇ ತಡ, ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಳು. ಸುಧಾರಿಸಿಕೊಂಡು, ಹಂದೆಯನ್ನು ಹೊರಗೆ ನಿಲ್ಲಿಸಿ, ದೇವದಾಸನಿಗೆ ಅರ್ಥವಾಗುವಷ್ಟು ನಿಧಾನವಾಗಿ ಕೇಳಿದಳು. ಎಲ್ಲ ಮುಚ್ಚಿಕೊಂಡು ಇಲ್ಲಿ ಕೆಲಸ ಮಾಡಲು ನಿಮಗೆ ಕಷ್ಟವಾಗುತ್ತಿಲ್ಲವೇ? ಹೆದರಬೇಡಿ, ಅದನ್ನು ನೋಡುವುದೂ ನನ್ನದೇ ಕೆಲಸ.

ದೇವದಾಸನಿಗೆ ಅವಳ ಮಾತಿಗಿಂತ ಮೊದಲು ಕಣ್ಣ ಮುಂದೆ ಬಂದದ್ದು ಅಡುಗೆಮನೆಗೆ ಬೀಳುವ ಬೀಗ, ಅದರ ಹಿಂದೆಯೇ ಏರ್‌ಪೋರ್ಟಿನಲ್ಲಿ ಸೂಟ್‌ಕೇಸಿನ ಮೇಲೆ ಕುಳಿತ ಮಗಳು. "ನೋ ಪ್ರಾಬ್ಲಮ್, ಮೇಡಂ. ಐ ಕುಕ್. ಹ್ಯಾಬಿಟ್," ಎಂದ. ಅಷ್ಟರಲ್ಲಿ ಎದೆಯಿಂದ ದೊಡ್ಡದೊಂದು ಕೆಮ್ಮು ಎದ್ದು ಬಂತು. ಅದನ್ನೂ ನುಂಗಿದ. ಒಂದೇ ಒಂದು ಸಲ ಕೆಮ್ಮಿಬಿಟ್ಟಿದ್ದರೆ ಆಗುತ್ತಿತ್ತಲ್ಲ, ಪುಣ್ಯಾತ್ಮ!  ಅವಳು ನೆರೆಯವರ ತೊಂದರೆ ನಿವಾರಣೆಯಾಗಿದೆ ಎಂದು ಬರೆದುಕೊಂಡು ಹೋದಳು.

ಚಳಿಗಾಲ ಬಂದಾಗ ಅವನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ನಡುವೆ ಕೂರಬೇಕಾಯಿತು. ಪ್ರಫುಲ್ಲಾ ಹೆದರಿ ಬಡಾವಣೆಯ ಜಿಪಿ ಡಾಕ್ಟರ ಬೆನ್ನುಬಿದ್ದಳು. ಅಲ್ಲಿಂದ ದೊಡ್ಡಾಸ್ಪತ್ರೆಯ ಎದೆ ವಿಭಾಗಕ್ಕೆ ಕಳಿಸಿದರು. ಹಂದೆ ತಾನೇ ಕಾರಿನಲ್ಲಿ ಗಂಡಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋದ. ಎಂಥ ದೊಡ್ಡ ಮನಸ್ಸು ಅನ್ನಿ! ಡಾಕ್ಟರ್ ನೀರಜಾ ಮೈಸೂರಿನವರು, ಹಂದೆಯ ಹೋಟೆಲಿನ ಖಾಯಂ ಗಿರಾಕಿ. ಎಕ್ಸ್‌ರೇ ನೋಡಿ ಕನ್ನಡಕ ತೆಗೆದಿಟ್ಟರು.

"ಎರಡು ಕಡೇನೂ ತುಂಬಾ ಹಾಳಾಗಿದೆ. ಬೀಡಿ, ಸಿಗರೇಟು ಏನಾದ್ರೂ ಸೇದ್ತಿದ್ರಾ ನೀವು? ಅಥವಾ ಕೆಲಸದ ಜಾಗದಲ್ಲಿ ಹೊಗೆ ಇರುತ್ತಾ?"

ಹಂದೆ ದೇವದಾಸನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ, ಅಷ್ಟೇ.

"ಬೀಡಿ," ಎಂದ ದೇವದಾಸ. "ಸಣ್ಣಪ್ರಾಯದಿಂದ್ಲೂ ಸೇದ್ತಿದ್ದೆ, ಅಮ್ಮ."

ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಪ್ರಫುಲ್ಲಾ ಬಾಯಿ ತೆರೆದವಳು ಗಂಡನ ಕಣ್ಣು ನೋಡಿ ಸುಮ್ಮನಾದಳು.

"ಛೆ, ನೀವೇ ಮಾಡ್ಕೊಂಡ್ರಲ್ಲ ಇದನ್ನ," ಎಂದು ಡಾಕ್ಟರು ಕಂಪ್ಯೂಟರಿನಲ್ಲಿ ಬರೆದರು. ಔಷಧಿ ಹೇಳಿದರು, ಇದು ವಾಸಿಯಾಗುವುದಲ್ಲ ಎಂದೂ ಹೇಳಿದರು. ಹೊರಡುವಾಗ ಮೆಲ್ಲಗೆ ಕೇಳಿದರು: "ಬೇಜಾರು ಮಾಡ್ಕೋಬೇಡಿ, ಮನೇಲಿ ಪುಡಿ ಮುಗಿದು ಹೋಗಿದೆ. ಈ ತಿಂಗಳು ಹುರೀತೀರಾ?"

ಹುರಿದ. ಅವತ್ತು ಬಾಣಲೆಯ ಮೇಲೇ ಕೆಮ್ಮಿದ. ನುಂಗಲು ನೋಡಿದ, ಆಗಲಿಲ್ಲ. ಒಂದು ಬಂತು, ಅದರ ಹಿಂದೆ ಸಾಲುಸಾಲಾಗಿ ಬಂದವು. ಊಟಕ್ಕೆ ಕುಳಿತ ಗಿರಾಕಿಗಳು ತಿರುಗಿ ನೋಡಿದರು. ಹಂದೆ ಒಳಗೆ ಬಂದು ಒಲೆ ಆರಿಸಿ, ಆ ಮೆಣಸನ್ನೆಲ್ಲ ಕಸದ ಚೀಲಕ್ಕೆ ಸುರಿಸಿದ.

"ಕೆಮ್ಮುವವ ಬಾಣಲೆ ಮುಟ್ಟುಕಾಗ, ಮಾರಾಯ. ನಿಂಗೆ ಹೇಳ್ಕಾ?" ಎಂದ. "ಬೀಡಿ ಎಳ್ದ್ ಎದೆ ಹಾಳ್ ಮಾಡ್ಕಂಡ್ರೆ ನಾನೆಂತ ಮಾಡೂದ್? ಡಾಕ್ಟ್ರೇ ಬರ್ದಿದ್ರ್."

ದೇವದಾಸನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಹಾಳಾದ ಮೆಣಸಿಗಾಗಿ ಅವನು ಕ್ಷಮೆ ಕೇಳಿದ.

ಮನೆಗೆ ಬಂದು ಕೆಲಸ ಹೋಯಿತೆಂದು ಹೇಳಿದಾಗ ಪ್ರೇಕ್ಷಾ ಪುಸ್ತಕ ಮುಚ್ಚಿ ಎದ್ದಳು. "ಅಪ್ಪಾ, ಜಸ್ಟ್ ಟೆಲ್ ದೆಮ್! ಟೆಲ್ ದ ಡಾಕ್ಟರ್!" ಎಂದು ಕೂಗಿದಳು. "ಓದ್ಕೋ," ಎಂದ ದೇವದಾಸ. ಅದಕ್ಕಿಂತ ಹೆಚ್ಚು ಮಾತಿಗೆ ಅವನಲ್ಲಿ ಉಸಿರಿರಲಿಲ್ಲ.

ಆ ವಾರದಲ್ಲೇ ಹಂದೆ ಹೊಸ ಅಡುಗೆಯವನನ್ನು ಅವರ ಮನೆಗೇ ಕರೆತಂದ. ಕೋಟದ ಪಕ್ಕದ ಸಾಸ್ತಾನದ ಹರ್ಷಿತ್, ಇಂಗ್ಲೆಂಡಿನಲ್ಲೇ ಬೇರೆ ಊರಿನ ಹೋಟೆಲಿನಲ್ಲಿದ್ದವನು, ಇತ್ತೀಚೆಗೆ ಮದುವೆಯಾದವನು. ದೇವದಾಸನ ಮಾತು ಕೇಳದೆ ಕೆಲಸ ಒಪ್ಪುವುದಿಲ್ಲ ಎಂದಿದ್ದನಂತೆ. ಅವನನ್ನು ಒಳಗೆ ಕೂರಿಸಿ ಹಂದೆ ದೇವದಾಸನನ್ನು ಬಾಗಿಲ ಹತ್ತಿರ ಕರೆದ.

"ಕಾಣ್, ನಿನ್ ಕೆಲ್ಸ ಹೋದ್ದನ್ನ ನಾನ್ ಸರ್ಕಾರಕ್ಕೆ ತಿಳ್ಸ್ಕ್. ಈ ಗಂಡ್ ಒಪ್ರೆ ನಿನ್ ಮಗಳ ಪರೀಕ್ಷೆ ಮುಗ್ದ್ ಮೇಲೆ ತಿಳ್ಸ್ತೆ. ಒಪ್ದಿದ್ರೆ ನಾಳೆಯೇ."

ಒಳಗಿನ ಕೋಣೆಯಲ್ಲಿ ಪ್ರೇಕ್ಷಾ ಬಯಾಲಜಿ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ದೇವದಾಸ ಗೋಡೆ ಹಿಡಿದುಕೊಂಡು ಬಂದು ಹರ್ಷಿತ್‌ನ ಎದುರು ಕುಳಿತ. ಪ್ರಫುಲ್ಲಾ ಕಾಫಿ ತಂದಿಟ್ಟಳು.

"ದೇವಣ್ಣ, ನೀವ್ ಹೇಳ್ದಾಂಗೆ ನಾನ್ ಕೇಂತೆ," ಎಂದ ಹರ್ಷಿತ್. "ಅಡ್ಗಿಮನೆ ಪೂರ್ತಿ ಮುಚ್ಕಂಡೇ ಹುರೂದಂಬ್ರ್. ನಂಗ್ ಸಣ್ಣಪ್ರಾಯದಲ್ ದಮ್ಮಿನ ಕಾಯ್ಲೆ ಇದ್ದಿತ್ತ್. ಹೆಂಡ್ತಿ ಬೇರೆ ಈಗ ಬಸ್ರಿ. ನನ್ ಕೈಯಲ್ ಆತ್ತಾ? ನಿಜ ಹೇಳಿ."

ಹಂದೆ ಕಾಫಿ ಊದಿಕೊಂಡು ಕುಡಿಯುತ್ತಿದ್ದ. ಪ್ರಫುಲ್ಲಾ ಲೋಟ ಎತ್ತುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ದೇವದಾಸನಿಗೆ ಆ ಹುಡುಗನ ಮೇಲೆ ಕನಿಕರ ಉಕ್ಕಿ ಬಂತು, ನಿಜವಾದ ಕನಿಕರ. ಎದ್ದು ಹೋಗು, ಈಗಲೇ ಎದ್ದು ಹೋಗು ಎಂದು ಅಂಗಲಾಚಬೇಕು ಅನ್ನಿಸಿತು. ಒಳಗಿನಿಂದ ಮಗಳ ದನಿ ಕೇಳುತ್ತಲೇ ಇತ್ತು.

"ಆತ್ತ್, ಮಾರಾಯ," ಎಂದ. "ಒಳ್ಳೆ ಜಾಗ. ಹಂದೇರ್ ನಮ್ ಊರಿನವ್ರ್, ಕೈ ಬಿಡೂದಿಲ್ಲೆ."

ಹರ್ಷಿತ್‌ನ ಮುಖ ಅರಳಿತು. ಎದ್ದು ಬಂದು ಬಗ್ಗಿ ಅವನ ಕಾಲು ಮುಟ್ಟಿದ. ದೇವದಾಸ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಹುಡುಗನ ತಲೆಯ ಮೇಲೆ ಕೈಯಿಟ್ಟು, "ಯಾವತ್ತಿಂದ ಬತ್ತೆ ಕೆಲ್ಸಕ್ಕೆ?" ಎಂದು ಕೇಳಿದ.

"ಸೋಮವಾರದಿಂದ," ಎಂದ ಹರ್ಷಿತ್.