ಒಂದು ನರ, ಒಂದು ಪಾರಿವಾಳ

ಹೋದ ಭಾನುವಾರ ನಮ್ಮ ಮನೆಗೆ ಒಂದು ಪಾರಿವಾಳ ಬಂತು. ಹಾರಿಕೊಂಡು ಬರಲಿಲ್ಲ. ಬಸ್ಸಿನಲ್ಲಿ ಬಂತು.

ಬಿಳಿಚೋಡಿನಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನಮ್ಮ ನ್ಯಾಮತಿ. ಮೂರು ಬಸ್ಸು ಹತ್ತಿ ಇಳಿದು, ಬಿಸ್ಕತ್ತಿನ ರಟ್ಟಿನ ಡಬ್ಬದೊಳಗೆ, ನನ್ನ ಗೆಳತಿ ಶಕುಂತಲಾಳ ತೊಡೆಯ ಮೇಲೆ ಕೂತು ಬಂದಿತ್ತು. ಡಬ್ಬದಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಇವಳು ‘ಔಷಧಿ ಕಣ್ರಿ’ ಅಂದಳಂತೆ. ಔಷಧಿ ಒಳಗಿಂದ ಗುಟುರು ಹಾಕಿತಂತೆ.

ಅದು ನನ್ನ ಔಷಧಿ. ನನಗೆ ಲಕ್ವ ಹೊಡೆದಿದೆ ಎಂದು ಬಿಳಿಚೋಡಿನವರೆಗೂ ಸುದ್ದಿಯಾಗಿತ್ತು. ಲಕ್ವಕ್ಕೆ ಪಾರಿವಾಳದ ರಕ್ತ ತಿಕ್ಕುವವರು ನಮ್ಮ ಕಡೆ ಇನ್ನೂ ಇದ್ದಾರೆ. (ದಯವಿಟ್ಟು ತಿಕ್ಕಬೇಡಿ. ಆಸ್ಪತ್ರೆಗೆ ಹೋಗಿ.) ಆದರೆ ನನಗೆ ಲಕ್ವ ಹೊಡೆದೇ ಇರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಓಟದ ಹುಚ್ಚು ಗೊತ್ತೇ ಇದೆ. ಹೊಸಬರಿಗೆ ಹೇಳುವುದಾದರೆ, ನಾನು ಹೈಸ್ಕೂಲಿನಲ್ಲಿ ಕ್ಲರ್ಕು, ವಯಸ್ಸು ಐವತ್ನಾಲ್ಕು, ವೆಟರನ್ ಅಥ್ಲೀಟು. (ವೆಟರನ್ ಎಂದರೆ ವೆಟರ್ನರಿ ಎಂದುಕೊಂಡು ಎಮ್ಮೆಯ ಕೆಚ್ಚಲು ತೋರಿಸಿದವರಿದ್ದಾರೆ.) ನಮ್ಮದೊಂದು ರಿಲೇ ಟೀಮು. ಜಗಳೂರು ಕಡೆಯ ಬಿಳಿಚೋಡಿನಲ್ಲಿ ಕುರಿ ಸಾಕುವ ಶಕುಂತಲಾ, ಚನ್ನಗಿರಿಯ ಅಂಗನವಾಡಿ ಟೀಚರು, ಹೊನ್ನಾಳಿಯ ಟೈಲರಮ್ಮ, ಕೊನೆಗೆ ನ್ಯಾಮತಿಯ ನಾನು. ನಾಲ್ಕು ತಾಲ್ಲೂಕು, ನಾಲ್ಕು ಹೆಂಗಸರು, ಎಂಟು ಕಾಲು. ಕೊನೆಯ ನೂರು ಮೀಟರು ನನ್ನದು. ಹನ್ನೊಂದು ವರ್ಷದಿಂದ ಆ ಜಾಗವನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಮೂರೂವರೆ ತಿಂಗಳ ಹಿಂದೆ ಹೈಸ್ಕೂಲ್ ಮೈದಾನದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆ. ನಾಲ್ಕು ಹೆಜ್ಜೆ ಓಡಿರಬಹುದು. ಹಿಮ್ಮಡಿಯ ಮೇಲೆ ಯಾರೋ ಫಟ್ಟೆಂದು ಕಲ್ಲು ಬೀಸಿದ ಹಾಗಾಯಿತು. ‘ಯಾವನೋ ಅವ್ನು’ ಎಂದು ತಿರುಗಿದೆ. ಹಿಂದೆ ಇದ್ದದ್ದು ಒಂದು ಎಮ್ಮೆ. ಅದು ತನ್ನ ಪಾಡಿಗೆ ಮೇಯುತ್ತಿತ್ತು. ಹರಿದದ್ದು ನನ್ನ ಅಕಿಲಿಸ್ ಟೆಂಡನ್, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು.

ಮನೆಗೆ ಬಂದಾಗ ನಮ್ಮತ್ತೆ ಕೇಳಿದರು. ‘ಏನಂತೆ ಸಾವಿತ್ರಿ?’

ಎಂಬತ್ತು ವರ್ಷದ ಹೆಂಗಸಿಗೆ ಗ್ರೀಕರ ವೀರ ಅಕಿಲಿಸ್ ಯಾರು ಎಂದು ಹೇಗೆ ಹೇಳಲಿ? ‘ಕಾಲಿನ ನರ ಹರಿದಿತ್ತು ಅತ್ತೆ, ಹೊಲಿದಾರೆ’ ಅಂದೆ.

ಅಲ್ಲಿ ಕೆಟ್ಟಿತು ನೋಡಿ ನನ್ನ ಗ್ರಹಚಾರ.

ನಮಗೆ ಮೈಯೊಳಗೆ ಇರುವುದೆಲ್ಲ ನರವೇ. ಗ್ಲೂಕೋಸ್ ಹಾಕುವುದು ನರಕ್ಕೆ. ಕುತ್ತಿಗೆ ಉಳುಕಿದರೆ ನರ ಹಿಡಿಯಿತು. ಸಿಟ್ಟು ಬಂದರೆ ಹಣೆಯ ನರ ಉಬ್ಬಿತು. ವಿಜ್ಞಾನದ ಪುಸ್ತಕದಲ್ಲಿ ಟೆಂಡನ್‌ಗೆ ಸ್ನಾಯುರಜ್ಜು ಎಂಬ ಒಳ್ಳೆಯ ಹೆಸರೇನೋ ಇದೆ. ಆದರೆ ‘ಅಯ್ಯೋ, ನನ್ನ ಸ್ನಾಯುರಜ್ಜು’ ಎಂದು ನರಳಿದ ಒಬ್ಬರನ್ನಾದರೂ ನೀವು ನೋಡಿದ್ದೀರಾ?

ಅತ್ತೆ ಪಕ್ಕದ ಮನೆಯಲ್ಲಿ ‘ನರ ಹರಿದೈತೆ’ ಅಂದರು. ಪಕ್ಕದ ಮನೆಯವರು ಹೊನ್ನಾಳಿಗೆ ಬ್ಲೌಸ್ ಹೊಲಿಸಲು ಹೋದಾಗ ನಮ್ಮ ಟೈಲರಮ್ಮನಿಗೆ ‘ನರದ ಕಾಯಿಲೆಯಂತೆ’ ಅಂದರು. ಟೈಲರಮ್ಮ ಚನ್ನಗಿರಿಗೆ ಫೋನ್ ಮಾಡಿ ‘ಒಂದು ಕಾಲು ಹೋಗೈತಂತೆ’ ಅಂದಳು. ಚನ್ನಗಿರಿಯಿಂದ ಬಿಳಿಚೋಡಿಗೆ ತಲುಪುವಷ್ಟರಲ್ಲಿ ಪೂರ್ತಿ ಒಂದು ಕಡೆಯೇ ಹೋಗಿತ್ತು. ನಮ್ಮ ರಿಲೇಯಲ್ಲಿ ಬ್ಯಾಟನ್ ಎರಡು ಮೂರು ಸಲ ಬಿದ್ದದ್ದುಂಟು. ಈ ಸುದ್ದಿ ಮಾತ್ರ ಒಮ್ಮೆಯೂ ಕೈತಪ್ಪಲಿಲ್ಲ.

ನೋಡಲು ಬಂದ ನೆಂಟರು ನನ್ನ ಹತ್ತಿರ ಯಾಕೆ ಅಷ್ಟು ನಿಧಾನವಾಗಿ, ಅಷ್ಟು ಜೋರಾಗಿ ಮಾತಾಡುತ್ತಾರೆ ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ‘ನಾನ್ಯಾರು... ಗುರ್ತು ಸಿಕ್ತಾ?’ ಎಂದೊಬ್ಬರು ಕಿವಿಯ ಹತ್ತಿರ ಕೂಗಿದರು. ಇನ್ನೊಬ್ಬರು ‘ಎಲ್ಲಿ, ಒಂಚೂರು ನಕ್ಕು ತೋರ್ಸು’ ಅಂದರು. ಪ್ರೀತಿ ಎಂದುಕೊಂಡು ನಕ್ಕೆ. ಅವರು ನನ್ನ ಬಾಯಿ ಸೊಟ್ಟಗಾಗಿದೆಯೋ ಇಲ್ಲವೋ ಎಂದು ಚೆಕ್ ಮಾಡುತ್ತಿದ್ದರು.

ಭಾನುವಾರ ಪಾರಿವಾಳದ ಜೊತೆ ಶಕುಂತಲಾ ಬಂದಾಗಲೇ ವಿಷಯ ಪೂರ್ತಿ ಬಯಲಾದದ್ದು. ಬಾಗಿಲು ತೆರೆದವಳು ನಾನೇ. ಬೂಟಿನಂಥ ಪಟ್ಟಿ ಬಿಚ್ಚಿ ಆಗಲೇ ಮೂರು ವಾರ. ಕುಂಟುತ್ತೇನೆ, ಆದರೆ ನಡೆಯುತ್ತೇನೆ. ಅವಳು ಡಬ್ಬ ಹಿಡಿದುಕೊಂಡು ಹೊಸಲಿನ ಆಚೆಯೇ ನಿಂತಳು.

‘ಅಕ್ಕ, ನೀವೇ ಎದ್ದು ಬಂದ್ರಾ? ಮಾತು ಬರ್ತೈತಾ?’

‘ಮಾತು ಯಾವಾಗ ನಿಂತಿತ್ತೇ ನಂದು?’

ಎಲ್ಲ ಹೇಳಿದೆ. ಹಿಮ್ಮಡಿಯ ಗಾಯದ ಗೆರೆ ತೋರಿಸಿದೆ. ಅವಳು ನಗಲಿಲ್ಲ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನ ಅಂಚು ತಿರುಚುತ್ತಾ ಕೂತಳು.

‘ಬೇಜಾರು ಮಾಡ್ಕಬ್ಯಾಡ್ರಿ ಅಕ್ಕ. ಮುಂದಿನ ವರ್ಷದ ಟೀಮಿನ ಲಿಸ್ಟು ಈ ವಾರ ಕೊಡ್ಬೇಕು. ನಿಮಗೆ ಹಿಂಗಾತು ಅಂತ ಕೇಳಿ ನಿಮ್ಮ ಹೆಸ್ರು ತೆಗ್ದೀವಿ. ನಮ್ಮ ಕಡೆ ಸೊಕ್ಕೆ ಊರಾಕಿ ಒಬ್ಳನ್ನ ಹಾಕೀವಿ. ಚೆನ್ನಾಗಿ ಓಡ್ತಾಳೆ.’

ತಮಾಷೆಯಾಗಿ ಬರೆಯುತ್ತಿದ್ದೇನೆ, ನಿಜ. ಆದರೆ ಆ ಮಾತು ಕೇಳಿ ನನಗೆ ಅಳು ಬಂತು. ಆಪರೇಷನ್ ಥಿಯೇಟರಿನಲ್ಲೂ ಅತ್ತಿರಲಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಲಿಸ್ಟಿನಿಂದ ಹೋದ ಹೆಸರು ತಿರುಗಿ ಬರುತ್ತದೆಯೇ? ‘ಪಾಪ, ಇಷ್ಟು ದಿನ ಓಡಿದ್ದೇ ಹೆಚ್ಚು’ ಎನ್ನಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ಕಾಲಿನ ನೋವಿಗಿಂತ ನನಗೆ ಆ ‘ಪಾಪ’ದ ಭಯವೇ ಜಾಸ್ತಿ.

ನಮ್ಮತ್ತೆ ಒಳಗಿಂದ ಬಂದರು. ನಾನು ಟ್ರ್ಯಾಕ್ ಪ್ಯಾಂಟ್ ಹಾಕಿದ ಮೊದಲ ದಿನ ಊಟ ಬಿಟ್ಟು ಕೂತಿದ್ದವರು ಇವರೇ.

‘ಏನವ್ವ, ಯಾರು ತೆಗ್ದಿದ್ದು ಇವ್ಳ ಹೆಸ್ರು? ಡಾಕ್ಟ್ರು ಹೇಳಿದಾರೆ, ಎಂಟು ತಿಂಗ್ಳಾದ್ರೆ ಓಡಾಕೆ ಬಿಡ್ತೀನಿ ಅಂತ. ದಿನಾ ನನ್ನ ಕಣ್ಣ ಮುಂದೆ ಹಿಮ್ಮಡಿ ಎತ್ತಿಸ್ತೀನಿ. ಏ ಸಾವಿತ್ರಿ, ತೋರ್ಸು ಅವ್ಳಿಗೆ.’

ಅಡುಗೆ ಕಟ್ಟೆ ಹಿಡಿದು ನಿಂತೆ. ಎರಡೂ ಹಿಮ್ಮಡಿ ಮೇಲೆತ್ತಿ, ತುದಿಗಾಲಲ್ಲಿ ನಿಂತು, ನಿಧಾನವಾಗಿ ಇಳಿಸಬೇಕು. ಹತ್ತು ಸಲ. ಡಾಕ್ಟರು ಕೊಟ್ಟ ಲೆಕ್ಕ. ಆವತ್ತಿನವರೆಗೆ ಏಳರ ಮೇಲೆ ಹೋದವಳೇ ಅಲ್ಲ ನಾನು. ಅತ್ತೆ ಎಣಿಸಿದರು. ಏಳಕ್ಕೆ ಮೀನಖಂಡ ಗಡಗಡ ನಡುಗಿತು. ಎಂಟು. ಒಂಬತ್ತಕ್ಕೆ ಶಕುಂತಲಾ ತಾನೂ ತುದಿಗಾಲಲ್ಲಿ ನಿಂತುಬಿಟ್ಟಿದ್ದಳು. ಡಬ್ಬ ಅವಳ ಕೈಯಿಂದ ಜಾರಿತು. ಪಾರಿವಾಳ ಪಟಪಟ ಎದ್ದು ಫ್ರಿಜ್ ಮೇಲೆ ಕೂತಿತು.

‘ಹತ್ತು’ ಅಂದರು ಅತ್ತೆ. ಪಾರಿವಾಳವನ್ನು ತಿರುಗಿಯೂ ನೋಡಲಿಲ್ಲ.

ಶಕುಂತಲಾ ಕಣ್ಣೊರೆಸಿಕೊಂಡಳು. ‘ಪೆನ್ಸಿಲ್ನಾಗೆ ಬರ್ದಿರಾದು ಅಕ್ಕ, ಅಳಿಸ್ತೀನಿ. ಸೊಕ್ಕೆಯಾಕಿ ಎಕ್ಸ್‌ಟ್ರಾ ಇರ್ಲಿ’ ಎಂದು ಮಜ್ಜಿಗೆ ಕುಡಿದು ಬಸ್ಸು ಹತ್ತಿದಳು. ಪಾರಿವಾಳ ಇಲ್ಲೇ ಉಳಿಯಿತು. ಕಿಟಕಿ ತೆಗೆದಿಟ್ಟರೂ ಹೋಗಲಿಲ್ಲ. ಅತ್ತೆ ಅದಕ್ಕೆ ಜೋಳ ಹಾಕತೊಡಗಿದ್ದಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಶಕುಂತಲಾ ಬಸ್ಸಿನಿಂದಲೇ ಚನ್ನಗಿರಿಗೆ ಫೋನ್ ಮಾಡಿದ್ದಳು. ಏನು ಹೇಳಿದಳೋ, ಅವರು ಏನು ಕೇಳಿಸಿಕೊಂಡರೋ. ಸೋಮವಾರ ಬೆಳಿಗ್ಗೆ ಹೊನ್ನಾಳಿಯಿಂದ ಗುರುತಿಲ್ಲದವರೊಬ್ಬರ ಫೋನು. ‘ಮೇಡಂ, ಜಗಳೂರು ಪಾರಿವಾಳ ನೋಡಿದ ಕೂಡ್ಲೇ ಎದ್ದು ನಿಂತ್ರಂತೆ. ಆ ಪಾರಿವಾಳ ಇನ್ನೂ ಐತಾ? ನಮ್ಮ ಮಾವನಿಗೆ ಒಂಚೂರು ಬೇಕಿತ್ತು.’ ಮೊದಲು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಬೈದೇ ಹೇಳಿದೆ. ಅವರು ‘ಸರಿ ಮೇಡಂ’ ಅಂದರು. ಆಮೇಲೆ ‘ಗಂಡೋ ಹೆಣ್ಣೋ ಪಾರಿವಾಳ?’ ಅಂತಲೂ ಕೇಳಿದರು.

ಮಂಗಳವಾರ ವಾಟ್ಸಾಪಿಗೆ ಲಿಸ್ಟಿನ ಫೋಟೊ ಬಂತು. ನಾಲ್ಕನೆಯ ಓಟಗಾರ್ತಿ ನಾನೇ. ಅಳಿಸಿದ ಗುರುತಿನ ಮೇಲೆ ನನ್ನ ಹೆಸರು ಸ್ವಲ್ಪ ದಪ್ಪವಾಗಿಯೇ ಕೂತಿತ್ತು. ನೋಡಿ ನೋಡಿ ಖುಷಿಪಟ್ಟೆ. ಆಮೇಲೆ ಕಣ್ಣಿಗೆ ಬಿತ್ತು, ಪಕ್ಕದ ಖಾಲಿ ಜಾಗದಲ್ಲಿ ಶಕುಂತಲಾ ಬರೆದಿದ್ದಳು: ‘ನರ ಸರಿ ಹೋಗೈತೆ.’

ಇದನ್ನು ಓದಿದ ಕ್ರೀಡಾಕೂಟದ ಅಧಿಕಾರಿಗಳು ಏನು ತಿಳಿಯಬೇಕು? ತಕ್ಷಣ ಫೋನ್ ಮಾಡಿದೆ. ‘ಶಕುಂತಲಾ, ನರ ಅಂತ ಬರೀಬ್ಯಾಡ. ಸ್ನಾಯುರಜ್ಜು ಅಂತ ಬರಿ.’

ಅವಳು ಮೆಲ್ಲಗೆ ಕೇಳಿದಳು:

‘ಅಯ್ಯೋ ಅಕ್ಕ, ಈಗ ಅದೂ ಬಂತಾ? ಹಂಗಾದ್ರೆ ಹೆಸ್ರು ತೆಗೀಲಾ?’