ವಿಮಾನದ ಹತಾರ ಬೇಡ ಎನ್ನಲು ಹೋದ ದಿನ

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಬ್ಲೌಸ್ ಹೊಲಿಯುವ ನನ್ನಂಥವರಿಗೆ ಅದು ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಚಾಮರಾಜನಗರದ ನನ್ನ ಪುಟ್ಟ ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಯಜಮಾನರು ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು, "ನಾಳೆ ಗುಂಡ್ಲುಪೇಟೆಗೆ ಓಗನಾ ಕಣಮ್ಮಿ?" ಅಂದರು. ಕಾಯಿಲೆ ಬಿದ್ದ ಮೇಲೆ ಅವರಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಬ್ಲೌಸುಗಳ ಗತಿ ಏನಾದರೂ ಆಗಲಿ ಎಂದು ಹೂಂ ಅಂದೆ.

ನಮ್ಮವರ ಹೆಸರು ಮಹದೇವಸ್ವಾಮಿ. ವಯಸ್ಸಿನ ಬಹುಪಾಲು ವಾಯುಪಡೆಯಲ್ಲಿ ಕಳೆದವರು. ಅಲ್ಲಿ ಅವರು ವಿಮಾನ ಹಾರಿಸುತ್ತಿರಲಿಲ್ಲ. ವಿಮಾನದ ಮೈಯ ತಗಡು ಸೀಳಿದರೆ, ನೆಗ್ಗಿದರೆ ತೇಪೆ ಹಾಕಿ ರಿವೆಟ್ ಎಂಬ ಮೊಂಡು ಮೊಳೆ ಹೊಡೆಯುವುದು ಅವರ ಕೆಲಸ. "ನೀವೂ ಟೈಲರ್ರೇ ಬುಡಿ" ಎಂದು ನಾನು ರೇಗಿಸುತ್ತಿದ್ದೆ. ನಿವೃತ್ತರಾಗಿ ನಮ್ಮೂರು ಹರದನಹಳ್ಳಿಗೆ ಬಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರೂ ತಲೆಯಲ್ಲಿ ತಗಡೇ ತುಂಬಿತ್ತು. ಮನೆಯಲ್ಲೇ ಕಟ್ಟಬಹುದಾದ ಅಲ್ಯೂಮಿನಿಯಂ ವಿಮಾನ ಹೊರದೇಶದಿಂದ ಬಿಡಿಬಿಡಿಯಾಗಿ ಬರುತ್ತದಂತೆ. ಮೊದಲು ಬಾಲ, ಆಮೇಲೆ ರೆಕ್ಕೆ, ಕೊನೆಗೆ ಮೈ. ಇಬ್ಬರು ಕೂರುವಂಥದ್ದು. ವರ್ಷಗಟ್ಟಲೆ ಆಸೆಪಟ್ಟು ಕಡೆಗೂ ಬಾಲದ ಪೆಟ್ಟಿಗೆ ತರಿಸಿದರು. ಅದನ್ನು ನಮ್ಮ ಖಾಲಿ ಕೊಟ್ಟಿಗೆಯಲ್ಲಿ ಇಳಿಸಿದ ದಿನ ಅರ್ಧ ಊರು ಬಂದಿತ್ತು. "ಬಾಲ ಬಂತು ಸರಿ, ಕೋಳಿ ಯಾವಾಗ ಬಂದದು ಸ್ವಾಮಣ್ಣ?" ಎಂದು ಹುಡುಗರಿಂದ ಮುದುಕರವರೆಗೆ ಎಲ್ಲರದೂ ಒಂದೇ ತಮಾಷೆ.

ಕಟ್ಟುವುದಕ್ಕೆ ಹತಾರ ಕೊಳ್ಳುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಕಾಲು ನಿಧಾನಕ್ಕೆ ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಏನನ್ನೋ ಹಿಡಿದಂತೆ ಅರ್ಧ ಮಡಚಿಕೊಂಡೇ ಇರುತ್ತಿದ್ದವು. ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದಿದ್ದರು. ಒಮ್ಮೆ ಬಿಸಿ ಕಾಫಿ ಲೋಟ ತಾಗಿ ಚರ್ಮ ಕೆಂಪಾದರೂ ಅವರಿಗೆ ತಿಳಿಯಲಿಲ್ಲ. ಅವತ್ತಿನಿಂದ "ಈ ಕೈ ನಂದಲ್ಲ" ಅನ್ನುತ್ತಿದ್ದರು. ನಾಲಿಗೆ ಸ್ವಲ್ಪ ತೊದಲುತ್ತಿತ್ತು. ಜನ ಕೇಳಿಸಿಕೊಂಡಾರೆಂದು ಮಾತನ್ನೇ ಬಿಟ್ಟರು. ಫೋನ್ ಬಂದರೆ ನನ್ನ ಕಡೆ ತಳ್ಳುತ್ತಿದ್ದರು. ಅವರನ್ನು ಹಾಗೆ ನೋಡಿ ನಾನು ಎಷ್ಟೋ ಸಲ ಅಂಗಡಿಯಲ್ಲಿ ಕೂತು ಅತ್ತಿದ್ದೇನೆ.

ಪೆಟ್ಟಿಗೆ ಕಣ್ಣ ಮುಂದಿದ್ದರೆ ಕೊರಗು ಹೆಚ್ಚಾಗುತ್ತದೆಂದು ನನ್ನ ಮೈದುನ ಅದನ್ನು ಕೊಳ್ಳುವವರೊಬ್ಬರನ್ನು ಕೊಯಮತ್ತೂರಿನಲ್ಲಿ ಹುಡುಕಿದ. ಅವರು ಆ ಭಾನುವಾರ ಬಂದು ಪೆಟ್ಟಿಗೆ ಒಯ್ಯುವುದೆಂದು ಮಾತಾಯಿತು. "ಕೊಟ್ಬುಡು" ಎಂದಷ್ಟೇ ಹೇಳಿ ನಮ್ಮವರು ಗೋಡೆ ಕಡೆ ತಿರುಗಿ ಮಲಗಿದರು.

ಗುಂಡ್ಲುಪೇಟೆ ಬಸ್ಸಿನಲ್ಲಿ ಕೂತ ಮೇಲೆ ಹೊರಟ ಕಾರಣ ಹೇಳಿದರು. "ಜೋಸಣ್ಣ ನನಗೇ ಅಂತ ಸಾಮಾನು ಎತ್ತಿಟ್ಟವ್ನೆ. ಬ್ಯಾಡ ಅಂತ ಎದ್ರುಗೆ ನಿಂತು ಯೋಳ್ಬೇಕು. ಫೋನ್‌ನಲ್ಲಿ ಯೋಳುದ್ರೆ ಚೆನ್ನಾಗಿರಲ್ಲ." ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲ ಹಳದಿಯಾಗಿ ಹರಡಿತ್ತು. ನೋಡಿ ನೋಡಿ ಎಂದು ನಾನು ತೋರಿಸಿದೆ. ಅವರು ತಮ್ಮ ಬಲಗೈಯನ್ನೇ ನೋಡುತ್ತಾ ಕೂತಿದ್ದರು.

ಜೋಸಣ್ಣ ಕೇರಳದವರು. ವಾಯುಪಡೆಯಲ್ಲಿ ನಮ್ಮವರ ಜೊತೆ ಒಂದೇ ಶೆಡ್ಡಿನಲ್ಲಿದ್ದವರು. ಈಗ ಗುಂಡ್ಲುಪೇಟೆಯಲ್ಲಿ ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ ಇಟ್ಟಿದ್ದಾರೆ. ನಾವು ಹೋಗುವಷ್ಟರಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿ ಹತಾರಗಳನ್ನೆಲ್ಲ ಸಾಲಾಗಿ ಜೋಡಿಸಿಬಿಟ್ಟಿದ್ದರು. ತಗಡು ಕತ್ತರಿಗಳು, ಡ್ರಿಲ್ಲು, ಎರಡು ತಗಡು ಜರುಗದಂತೆ ತೂತಿಗೆ ಸಿಕ್ಕಿಸುವ ಸ್ಪ್ರಿಂಗ್ ಪಿನ್ನುಗಳು, ಗಾಳಿಯಲ್ಲಿ ಓಡುವ ರಿವೆಟ್ ಗನ್ನುಗಳು, ಒಂದೊಂದು ಆಕಾರದ ಉಕ್ಕಿನ ಗಟ್ಟಿಗಳು.

"ಜೋಸಣ್ಣ, ಅದೆಲ್ಲಾ ಬ್ಯಾಡ..." ಎಂದು ನಮ್ಮವರು ಶುರುಮಾಡಿದರು.

"ಶರಿ ಶರಿ, ಬೇಡ ಅನ್ನೋದು ಆಮೇಲೆ. ಮೊದಲು ನೋಡು ಸ್ವಾಮಿ. ಹತಾರ ಹಿಡಿದು ನೋಡದೆ ಬೇಡ ಅನ್ನಬಾರದು" ಅಂದರು ಜೋಸಣ್ಣ.

ಸ್ನೇಹಿತನ ಮನಸ್ಸು ನೋಯಿಸಬಾರದೆಂದು ನಮ್ಮವರು ಬಗ್ಗಿದರು. ಎಡಗೈಯಲ್ಲಿ ಎತ್ತಬಹುದಿತ್ತು. ಹಳೆಯ ಅಭ್ಯಾಸ, ಬಲಗೈಯನ್ನೇ ಚಾಚಿದರು. ವಾಯುಪಡೆಯಲ್ಲಿ ಬಳಸುತ್ತಿದ್ದಂಥದ್ದೇ ದೊಡ್ಡ ಗನ್ನು ಮೊಣಕಾಲಿನವರೆಗೂ ಬಂದು ಜಾರಿ ಸಿಮೆಂಟ್ ನೆಲಕ್ಕೆ ಬಡಿಯಿತು. ಶೆಡ್ಡಿನ ಕೆಲಸದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ನಮ್ಮವರ ಮುಖ ಕಪ್ಪಿಟ್ಟಿತು. "ನೋಡ್ದಲ್ಲಾ, ಇಷ್ಟೇಯ" ಎಂದು ಬಾಗಿಲ ಕಡೆ ಹೊರಟರು.

ನನಗೆ ಯಾರ ಮೇಲೆ ಎಂದು ಗೊತ್ತಿಲ್ಲ, ಕೆಟ್ಟ ಕೋಪ ಬಂತು. ಆ ಗನ್ನಿನ ಮೇಲೆ ಬಂತು, ಸುಮ್ಮನೆ ನೋಡುತ್ತಿದ್ದವರ ಮೇಲೂ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿದ್ದುದರಲ್ಲಿ ಸಣ್ಣ ಗನ್ನೊಂದನ್ನು ಎತ್ತಿಕೊಂಡೆ. "ಜೋಸಣ್ಣ, ಇದ್ನ ಎಂಗ್ ಹಿಡಿಯೋದು ತೋರ್ಸಿ. ದುಡ್ಡು ಕೊಟ್ಟು ತರ್ಸಿರೋ ಬಾಲ, ಯಾರೋ ಯಾಕ್ ಕಟ್ಬೇಕು?" ಅಂದೆ. ಬಾಗಿಲಲ್ಲಿ ಹೆಜ್ಜೆ ಸದ್ದು ನಿಂತಿತು.

ಜೋಸಣ್ಣ ನಕ್ಕು, ಎರಡು ತಗಡುಗಳನ್ನು ಸೇರಿಸಿ ನಿಲ್ಲಿಸಿ ಪಿನ್ನು ಸಿಕ್ಕಿಸಿದರು. ನಾವು ಹೊಲಿಯುವ ಮುಂಚೆ ಗುಂಡುಪಿನ್ನು ಚುಚ್ಚಿಕೊಳ್ಳುವ ಹಾಗೇ. ತೂತಿಗೆ ರಿವೆಟ್ ಇಟ್ಟು ಕೆಲಸ ವಿವರಿಸಿದರು. ರಿವೆಟ್ ಹೊಡೆಯಲು ಇಬ್ಬರು ಬೇಕು. ಒಬ್ಬರು ಈಚೆಯಿಂದ ಗನ್ನು ಒತ್ತಬೇಕು. ಇನ್ನೊಬ್ಬರು ಆಚೆಯಿಂದ ಉಕ್ಕಿನ ಗಟ್ಟಿ ಆನಿಸಿ ಹಿಡಿದರೆ ರಿವೆಟ್ಟಿನ ತುದಿ ಅದಕ್ಕೆ ಬಡಿದು ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ನಡುವೆ ತಗಡು ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಿವಿಗೆ ಹತ್ತಿ ತುರುಕಿದ್ದರಿಂದ ಮಾತೂ ಕೇಳುವುದಿಲ್ಲ. "ಅದಕ್ಕೇ ಆಚೆಯವನು ತಗಡಿಗೆ ಕುಟ್ಟಿ ಹೇಳ್ತಾನೆ ತಂಗಿ. ಒಂದು ಸಲ ಕುಟ್ಟಿದರೆ ಇನ್ನೂ ಹೊಡಿ ಅಂತ. ಎರಡು ಸಲ ಅಂದರೆ ಸರಿಯಾಯ್ತು. ಮೂರು ಸಲ ಅಂದರೆ ಕೆಟ್ಟೋಯ್ತು, ತೆಗಿ ಅಂತ. ಗನ್ನು ಯಾರು ಬೇಕಾದರೂ ಕಲೀಬಹುದು. ಆಚೆ ಕೂರೋದಕ್ಕೆ ಪಳಗಿದವನೇ ಬೇಕು."

ಹಾಗೆಂದು ನಮ್ಮವರ ಕಡೆ ನೋಡಿದರು. ನಾನೂ ನೋಡಿದೆ. ಅವರು ವಾಪಸ್ ಬಂದು ತಗಡಿನ ಆಚೆಯ ಸ್ಟೂಲಿನ ಮೇಲೆ ಕೂತರು.

ಆಮೇಲೆ ನಡೆದದ್ದು ಗಟ್ಟಿಗಳ ಆಯ್ಕೆ. ಜೋಸಣ್ಣ ಒಂದೊಂದೇ ಗಟ್ಟಿಯನ್ನು ಆ ಬಲಗೈಗೆ ಕೊಟ್ಟರು. ಮೊದಲನೆಯದು ಭಾರಕ್ಕೆ ಜಾರಿತು. ಉದ್ದನೆಯದು ಬೆರಳಿಗೆ ಸಿಕ್ಕಲಿಲ್ಲ. ಇನ್ನೊಂದು ಅಂಗೈಯಲ್ಲಿ ನಿಲ್ಲಲಿಲ್ಲ. ಕೊನೆಗೆ ಗೋಣಿಚೀಲದ ಮೂಲೆಯಲ್ಲಿ, ಬಳಸಿ ಬಳಸಿ ಮೂಲೆ ಸವೆದ, ಬಟ್ಟೆ ಸೋಪಿನಷ್ಟು ಗಾತ್ರದ ಒಂದು ಗಟ್ಟಿ ನನ್ನ ಕಣ್ಣಿಗೆ ಬಿತ್ತು. ತೆಗೆದುಕೊಂಡು ಹೋಗಿ ಅವರ ಮಡಚಿದ ಬೆರಳುಗಳ ನಡುವೆ ನಾನೇ ಇಟ್ಟೆ. ಅದು ಅಲ್ಲೇ ಕೂತಿತು. ಬೆರಳು ಬಿಡಿಸಬೇಕಾಗಲಿಲ್ಲ, ಮಡಚಬೇಕಾಗಲಿಲ್ಲ. ಅವರು ಎಡಗೈಯನ್ನು ಕೆಳಗೆ ಆಸರೆ ಕೊಟ್ಟು, ಗಟ್ಟಿಯನ್ನು ತಗಡಿಗೆ ಆನಿಸಿದರು.

ನಾನು ಈಚೆ ಬಂದು ಗನ್ನು ಹಿಡಿದೆ. ಕಿವಿಗೆ ಹತ್ತಿ, ಕಣ್ಣಿಗೆ ಕನ್ನಡಕ. "ಒತ್ತು ತಂಗಿ" ಎಂದು ಜೋಸಣ್ಣ ಸನ್ನೆ ಮಾಡಿದರು. ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಆಗಲೂ ಇಲ್ಲ. ಗನ್ನು ಕೆಟ್ಟಿದೆ ಎನ್ನಲು ತಿರುಗಿದರೆ ಜೋಸಣ್ಣ ನನ್ನ ಕಾಲನ್ನೇ ನೋಡುತ್ತಿದ್ದಾರೆ. ಇಷ್ಟು ವರ್ಷ ಮೆಷಿನ್ನು ತುಳಿದ ಕಾಲು, ಗನ್ನು ಹಿಡಿದೂ ನೆಲವನ್ನೇ ತುಳಿಯುತ್ತಿತ್ತು! ಬೆರಳು ಟ್ರಿಗರ್ ಮೇಲೆ ಸುಮ್ಮನೆ ಕೂತಿತ್ತು.

ಕೆಲಸದವರು ಬಿದ್ದು ಬಿದ್ದು ನಕ್ಕರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕಿವಿಯ ಹತ್ತಿ ತೆಗೆಯುವಷ್ಟರಲ್ಲಿ ತಗಡಿನ ಆಚೆಯಿಂದ ಇನ್ನೊಂದು ನಗು ಬಂತು. ಬಗ್ಗಿ ನೋಡಿದರೆ ನಮ್ಮವರು ಬಾಯಿ ಒಂದು ಕಡೆ ವಾಲಿದ್ದನ್ನೂ ಮರೆತು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. "ತುಳೀಬ್ಯಾಡ ಕಣಮ್ಮಿ, ಒತ್ತು, ಒತ್ತು" ಅಂದರು. ಕಾಯಿಲೆ ಬಂದ ಮೇಲೆ ಆ ನಗು ನಾನು ಕೇಳಿರಲೇ ಇಲ್ಲ.

ಹತ್ತಿ ಮತ್ತೆ ತುರುಕಿಕೊಂಡು ಈ ಸಲ ಬೆರಳಲ್ಲಿ ಒತ್ತಿದೆ. ಗನ್ನು ಕೈಯಲ್ಲಿ ಹುಚ್ಚೆದ್ದಂತೆ ಕುಣಿಯಿತು. ಹೆದರಿ ಬಿಡಲು ಮರೆತೆ. ಆಚೆಯಿಂದ ಟಕ್ ಟಕ್ ಟಕ್. ಕೆಟ್ಟೋಯ್ತು. ಮುಂದಿನದೂ ಮೂರೇ. ಅದರ ಮುಂದಿನದಕ್ಕೆ ಒಂದು ಟಕ್, ಮತ್ತೆ ಚೂರು ಒತ್ತಿದೆ. ಆಮೇಲೆ ನಿಧಾನಕ್ಕೆ, ಟಕ್ ಟಕ್.

ಹತ್ತಿ ಕಿತ್ತು ಆಚೆ ಓಡಿದೆ. ಅವರು ರಿವೆಟ್ ನೋಡುತ್ತಿರಲಿಲ್ಲ. ಗಟ್ಟಿ ಹಿಡಿದ ಬಲಗೈಯನ್ನು ನೋಡುತ್ತಿದ್ದರು. "ಗೊತ್ತಾಯ್ತದೆ ಕಣಮ್ಮಿ" ಅಂದರು. "ಒಳ್ಗೆ ಜುಂ ಅಂತದೆ. ರಿವೆಟ್ ಕೂತಿದ್ದು ಕೈಗೇ ಗೊತ್ತಾಯ್ತು." ನಾನು ಅಲ್ಲೇ, ಅಷ್ಟು ಜನರ ಎದುರಿಗೇ, ಅತ್ತುಬಿಟ್ಟೆ. ಜೋಸಣ್ಣ ಟೀ ತರಿಸುತ್ತೇನೆಂದು ತಾವೇ ಹೊರಗೆ ಹೋದರು. ಅವರಿಗೂ ಅಳು ಬಂದಿತ್ತು.

ಸಂಜೆಯವರೆಗೆ ಹತಾರ ಆರಿಸಿದೆವು. ದೊಡ್ಡ ಗನ್ನು ಬಿಟ್ಟು ನನ್ನ ಮುಷ್ಟಿಗೆ ಹೊಂದುವ ಸಣ್ಣದನ್ನೇ ಇಟ್ಟುಕೊಂಡೆವು. ತಗಡು ಕತ್ತರಿಗಳನ್ನು ಒಂದೊಂದಾಗಿ ಆಡಿಸಿ, ಎಡಕ್ಕೆ ತಿರುಗಿಸಲು ಒಂದು, ಬಲಕ್ಕೆ ಒಂದು ತೆಗೆದೆವು. ನಮ್ಮವರು ಪ್ರತಿ ಡ್ರಿಲ್ ಬಿಟ್ಟನ್ನೂ ಬೆಳಕಿಗೆ ಹಿಡಿದು ನೋಡಿದರು. ತೊದಲುತ್ತಲೇ ಇದು ಬೇಕು, ಇದು ಬೇಡ, ಇದು ಮೊಂಡಾಗ್ಬುಟ್ಟದೆ ಎಂದು ಜೋಸಣ್ಣನ ಹತ್ತಿರ ಜಗಳವಾಡಿದರು. ಬೇಡ ಎನ್ನಲು ಬಂದವರು ಎನ್ನುವುದು ಯಾರಿಗೂ ನೆನಪಿರಲಿಲ್ಲ.

ಎಲ್ಲವನ್ನೂ ಬ್ಲೌಸ್ ಪೀಸ್ ತುಂಬುವ ನನ್ನ ದೊಡ್ಡ ಬ್ಯಾಗಿಗೆ ತುಂಬಿದೆವು. ಬಸ್ಸಿಗೆ ಎತ್ತಿ ಹಾಕುವಾಗ ಕಂಡಕ್ಟರು, "ಏನಮ್ಮೋ ಇದು, ಈ ಪಾಟಿ ಭಾರ?" ಎಂದು ಕೇಳಿದ. "ವಿಮಾನ ಕಣಪ್ಪ" ಅಂದೆ. ಆತ ನನ್ನನ್ನು ಒಂದು ಥರ ನೋಡಿ ಮುಂದೆ ಹೋದ.

ಶನಿವಾರ ಕೊಯಮತ್ತೂರಿನಿಂದ ಫೋನ್ ಬಂತು. ನಾನು ಕೈ ಚಾಚುವಷ್ಟರಲ್ಲಿ ನಮ್ಮವರೇ ಎತ್ತಿಕೊಂಡು, ಪೆಟ್ಟಿಗೆ ಕೊಡುವುದಿಲ್ಲವೆಂದು ಅವರ ತಮಿಳಿನಲ್ಲೇ ಹೇಳಲು ಹೊರಟರು. "ಇಲ್ಲೆ ಸಾರ್" ಅಂದರು. ತೊದಲಿತು. ಆದರೂ ಇಡಲಿಲ್ಲ. ಇನ್ನೊಮ್ಮೆ ಬಿಡಿಸಿ, "ಇಲ್ಲೆ ಸಾರ್" ಅಂದರು.

ಈಗ ಬಾಲ ಮುಕ್ಕಾಲು ಪಾಲು ಮುಗಿದಿದೆ. ರೆಕ್ಕೆ ಯಾವಾಗ ಬರುತ್ತದೋ, ಹಾರಲು ಅಪ್ಪಣೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕೇಳಿದವರಿಗೆ ಮೊದಲು ಬಾಲ ಮುಗಿಯಲಿ ಅನ್ನುತ್ತೇವೆ. ಅವರ ಬಲಗೈ ಇವತ್ತಿಗೂ ಶರ್ಟಿನ ಗುಂಡಿ ಹಾಕುವುದಿಲ್ಲ, ಅದು ನನ್ನ ಕೆಲಸವೇ. ಆದರೆ ಆ ಕೈ ನಂದಲ್ಲ ಎನ್ನುವ ಮಾತು ಮಾತ್ರ ಮತ್ತೆ ಅವರ ಬಾಯಲ್ಲಿ ಬಂದಿಲ್ಲ.

ಮೊನ್ನೆ ಒಂದು ಸಾಲು ಮುಗಿಸಿ ಗನ್ನು ಕೆಳಗಿಟ್ಟಿದ್ದೆ. ಕೊನೆಯ ರಿವೆಟ್ಟೂ ಸರಿಯಾಯಿತೆಂದು ಅವರು ಆಗಲೇ ಎರಡು ಸಲ ಕುಟ್ಟಿ ಹೇಳಿಯಾಗಿತ್ತು. ಕಿವಿಯ ಹತ್ತಿ ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲಿ ತಗಡಿನ ಆಚೆಯಿಂದ ಮತ್ತೆ ಟಕ್ ಟಕ್ ಎಂದಿತು. ಹೊಡೆಯಲು ರಿವೆಟ್ ಇರಲಿಲ್ಲ. ಆ ಸರಿಯಾಯ್ತು ನನಗೇ ಹೇಳಿದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿ ತೆಗೆಯಲು ಮರೆತಿದ್ದ ಲೋಹದ ಟೋಪಿಯಿಂದ ನಾನೂ ತಗಡಿನ ಮೇಲೆ ಎರಡು ಸಲ ಕುಟ್ಟಿದೆ.